ಕೊಬ್ಬರಿ ಎಣ್ಣೆಯ ಲೆಕ್ಕ: ರಾಲಿಯಲ್ಲಿ ಹಿಮ ಯಾಕೆ ಕಮ್ಮಿಯಾಗುತ್ತಿದೆ

ಬೆಂಗಳೂರಿನ ನಮ್ಮ ಮನೆಯಲ್ಲಿ ಚಳಿಗಾಲ ಬಂತು ಅನ್ನುವುದು ಮೊದಲು ಗೊತ್ತಾಗುತ್ತಿದ್ದದ್ದು ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿಯಿಂದ. ಡಿಸೆಂಬರಿನ ಒಂದು ಬೆಳಗ್ಗೆ ಬಾಟಲಿ ತಲೆಕೆಳಗು ಮಾಡಿದರೂ ಎಣ್ಣೆ ಇಳಿಯುತ್ತಿರಲಿಲ್ಲ. ಅಮ್ಮ ಅದನ್ನು ಬಿಸಿನೀರಿನ ಚೊಂಬಿನಲ್ಲಿ ಇಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದೇ ಎಣ್ಣೆ ತಾನಾಗಿಯೇ ಕರಗಿ ನೀರಾಗಿರುತ್ತಿತ್ತು. ಮಂಗಳೂರಿನ ಚಿಕ್ಕಮ್ಮನ ಮನೆಯಲ್ಲಿ ಈ ರಗಳೆ ಹೆಚ್ಚುಕಮ್ಮಿ ಇರಲೇ ಇಲ್ಲ. ಊಟಿಯಲ್ಲಾದರೆ ವರ್ಷದ ಹೆಚ್ಚು ದಿನ ಎಣ್ಣೆ ಗಟ್ಟಿಯೇ.

ಕೊಬ್ಬರಿ ಎಣ್ಣೆ ಗಟ್ಟಿಯಾಗೋದು ಸುಮಾರು 24 ಡಿಗ್ರಿಯಲ್ಲಿ. ಈಗ ಈ ಮೂರೂ ಊರಿನ ಬಿಸಿ ಒಂದೊಂದು ಡಿಗ್ರಿ ಜಾಸ್ತಿಯಾಯಿತು ಅಂದುಕೊಳ್ಳಿ. ಊಟಿಯ ಬಾಟಲಿಗೆ ಏನೂ ಆಗುವುದಿಲ್ಲ. ಮಂಗಳೂರಿನದಕ್ಕೂ ಅಷ್ಟೇ. ಏಟು ಬೀಳೋದು ಬೆಂಗಳೂರಿನ ಬಾಟಲಿಗೆ. ಅದು ಗೆರೆಯ ಪಕ್ಕದಲ್ಲೇ ನಿಂತಿದೆ. ಎಣ್ಣೆ ಗಟ್ಟಿಯಾಗುವ ಬೆಳಗುಗಳು 40 ಇದ್ದದ್ದು 15ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಈ ಅಂಕಿ ಸುಮ್ನೆ ಉದಾಹರಣೆಗೆ ಹೇಳಿದ್ದು. ಆದರೆ ಲೆಕ್ಕ ನಡೆಯೋದು ಹೀಗೆಯೇ.

ನಾನೀಗ ಇರುವ ಊರಿನಲ್ಲಿ ಇದೇ ಲೆಕ್ಕ ಹಿಮದ ಮೇಲೆ ನಡೆಯುತ್ತಿದೆ.

ಊರು ಅಮೆರಿಕದ ನಾರ್ತ್ ಕೆರೊಲೈನಾದ ರಾಜಧಾನಿ ರಾಲಿಯ ಪಕ್ಕದ ಕೇರಿ. ಹೌದು, ಊರಿನ ಹೆಸರೇ ಕೇರಿ. ಕನ್ನಡದವರಿಗೆ ಇದು ಮೊದಲ ದಿನದಿಂದಲೂ ನಗು. ಹತ್ತಿರದಲ್ಲೇ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಇದೆ. ಸಾಫ್ಟ್‌ವೇರ್, ಔಷಧಿ ಕಂಪನಿಗಳ ಕೆಲಸಕ್ಕೆ ಬಂದ ನಮ್ಮವರು ಇಲ್ಲಿ ಬೇಕಾದಷ್ಟು ಜನ. ಭೂಪಟದಲ್ಲಿ ನೋಡಿದರೆ ರಾಲಿ ನಮ್ಮ ಶ್ರೀನಗರಕ್ಕಿಂತ ತುಸು ಉತ್ತರಕ್ಕೇ ಇದೆ. ಆದರೆ ಶ್ರೀನಗರ ಇರೋದು ಒಂದೂವರೆ ಸಾವಿರ ಮೀಟರಿಗೂ ಎತ್ತರದಲ್ಲಿ, ರಾಲಿ ನೂರು ಚಿಲ್ಲರೆ ಮೀಟರಿನಲ್ಲಿ. ಎರಡು ಗಂಟೆ ಕಾರು ಓಡಿಸಿದರೆ ಅಟ್ಲಾಂಟಿಕ್ ಸಮುದ್ರ. ಬೇಸಿಗೆಯಲ್ಲಿ ಚೆನ್ನೈ ನೆನಪಾಗುವಂಥ ಸೆಕೆ. ಜನವರಿಯಲ್ಲಿ ಬೆಳಗಿನ ಜಾವ ಸೊನ್ನೆಯ ಆಸುಪಾಸು, ಮಧ್ಯಾಹ್ನ ಹತ್ತು ಹನ್ನೊಂದು ಡಿಗ್ರಿ.

ಆ ಬೆಳಗಿನ ಜಾವದ ಸೊನ್ನೆಯನ್ನು ಮರೆಯಬೇಡಿ. ಎಣ್ಣೆ ಬಾಟಲಿಯ 24ರ ಗೆರೆ ಇಲ್ಲಿ ಅದೇ.

ಇಲ್ಲಿ ಹಿಮ ಯಾವತ್ತೂ ಧಾರಾಳವಾಗಿ ಬಿದ್ದದ್ದಲ್ಲ. ವರ್ಷಕ್ಕೆ ಒಂದೆರಡು ಸಲ ಬೀಳುತ್ತಿತ್ತು, ಮಕ್ಕಳು ಕುಣಿಯುತ್ತಿದ್ದರು, ಎರಡು ದಿನದಲ್ಲಿ ಕರಗುತ್ತಿತ್ತು. ರಾಲಿ ವಿಮಾನ ನಿಲ್ದಾಣದ 1981ರಿಂದ 2010ರವರೆಗಿನ ಸರಾಸರಿ ವರ್ಷಕ್ಕೆ 6 ಇಂಚಿನ ಆಸುಪಾಸು ಇತ್ತು. 1991ರಿಂದ 2020ರ ಲೆಕ್ಕಕ್ಕೆ ಬಂದರೆ ಅದು 5 ಇಂಚಿನ ಹತ್ತಿರ. ಆಮೇಲೆ ಬಂದದ್ದು ದೊಡ್ಡ ಬರ. 2022ರ ಜನವರಿಯಲ್ಲಿ ವಾರದ ಮೇಲೆ ವಾರ ಹಿಮ ಬಿತ್ತು. ಅದೇ ತಿಂಗಳ ಕೊನೆಯ ಬಳಿಕ 2025ರ ಜನವರಿವರೆಗೆ, ಸಾವಿರ ದಿನಕ್ಕೂ ಹೆಚ್ಚು ಕಾಲ, ಅಳೆಯುವಷ್ಟು ಹಿಮ ಬೀಳಲೇ ಇಲ್ಲ.

ಅಳೆಯುವಷ್ಟು ಅಂದರೆ ಎಷ್ಟು? ಹಿಮ ಅಳೆಯಲು ಬಿಳಿ ಬಣ್ಣ ಬಳಿದ ಒಂದು ಚೌಕದ ಹಲಗೆಯನ್ನು ಬಯಲಲ್ಲಿ ಇಡುತ್ತಾರೆ. ಬಿದ್ದ ಹಿಮಕ್ಕೆ ಸ್ಕೇಲ್ ಚುಚ್ಚಿ ಓದುತ್ತಾರೆ. ಒಂದು ಇಂಚಿನ ಹತ್ತನೇ ಒಂದು ಭಾಗ ಇದ್ದರೆ ಲೆಕ್ಕಕ್ಕುಂಟು. ಅದಕ್ಕಿಂತ ಕಮ್ಮಿ ಇದ್ದರೆ ಪುಸ್ತಕದಲ್ಲಿ 'ಟ್ರೇಸ್' ಅಂತ ಬರೆದು ಮುಗಿಸುತ್ತಾರೆ. ಹಲಗೆಯ ಮೇಲೆ ರವೆ ಚೆಲ್ಲಿದ ಹಾಗೆ ಒಂದಿಷ್ಟು ಕಾಳು ಕಂಡವು ಅಷ್ಟೆ ಅಂತ ಅರ್ಥ. ಆ ಮೂರು ವರ್ಷ ನಮಗೆ ಸಿಕ್ಕಿದ್ದು ಈ ರವೆ ಮಾತ್ರ.

ಸರಾಸರಿ ಅನ್ನುವ ಮಾತಿನ ಬಗ್ಗೆಯೂ ಹುಷಾರಾಗಿರಬೇಕು. 2000ದ ಜನವರಿ 24 ಮತ್ತು 25ರಂದು ಬಂದ ಒಂದೇ ಬಿರುಗಾಳಿ ರಾಲಿಯಲ್ಲಿ 20.3 ಇಂಚು ಹಿಮ ಸುರಿಸಿತು. ಅರ್ಧ ಮೀಟರಿಗೂ ಜಾಸ್ತಿ. ನಮ್ಮ ಬೀದಿಯ ಹಳಬರು ಈಗಲೂ ಅದರ ಕಥೆ ಹೇಳುತ್ತಾರೆ. ನಾಲ್ಕು ವರ್ಷದ ಪಾಲು ಒಂದೇ ರಾತ್ರಿಗೆ ಬಂದರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಆದರೆ 5 ಇಂಚು ಬೀಳುವ 'ಮಾಮೂಲಿ ವರ್ಷ' ಅನ್ನೋದು ಇಲ್ಲಿ ಹುಡುಕಿದರೂ ಸಿಗೋದು ಕಷ್ಟ.

ಹಾಗಾದರೆ ಇಲ್ಲಿ ಹಿಮ ಬೀಳಬೇಕಾದರೆ ಏನಾಗಬೇಕು? ನನಗೆ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯ ಅನಿಸುವ ಭಾಗ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಚಳಿ ಬೇಕು, ನೀರೂ ಬೇಕು. ಎರಡೂ ಒಂದೇ ಹೊತ್ತಿಗೆ ಬರಬೇಕು. ಕಷ್ಟ ಇರುವುದು ಈ ಒಂದೇ ಹೊತ್ತಿನಲ್ಲಿ. ಚಳಿ ಬರೋದು ಉತ್ತರದ ಕೆನಡಾ ಕಡೆಯಿಂದ, ನೀರು ಬರೋದು ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ ಮತ್ತು ಅಟ್ಲಾಂಟಿಕ್‌ನಿಂದ. ನೀರು ತರುವ ಗಾಳಿ ಬೆಚ್ಚಗಿನದು. ಅಂದರೆ ಮೋಡ ಬಂದರೆ ಚಳಿ ಓಡುತ್ತದೆ, ಚಳಿ ಬಂದರೆ ಮೋಡ ಓಡುತ್ತದೆ.

ಈ ಇಬ್ಬರನ್ನೂ ಒಟ್ಟಿಗೆ ಕೂರಿಸುವುದು ಪಶ್ಚಿಮಕ್ಕಿರುವ ಅಪಲೇಚಿಯನ್ ಬೆಟ್ಟಸಾಲು. ನಮ್ಮ ಪಶ್ಚಿಮ ಘಟ್ಟದ ಹಾಗೆ ಇದೂ ಸಮುದ್ರಕ್ಕೆ ಹೆಚ್ಚುಕಮ್ಮಿ ಸಮಾನಾಂತರವಾಗಿ ಉದ್ದಕ್ಕೆ ಮಲಗಿದೆ. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಕಡೆ ತಣ್ಣನೆಯ, ಭಾರವಾದ ಗಾಳಿಯ ರಾಶಿ ಬಂದು ಕೂತಾಗ ಅದು ದಕ್ಷಿಣಕ್ಕೆ ಜಾರುತ್ತದೆ. ತಣ್ಣನೆ ಗಾಳಿ ಭಾರ, ಬೆಟ್ಟ ಹತ್ತಲಾರದು. ಕಾಲುವೆಯ ಏರಿಗೆ ಒತ್ತಿಕೊಂಡು ಹರಿಯುವ ನೀರಿನ ಹಾಗೆ ಬೆಟ್ಟದ ಪೂರ್ವದ ಬುಡಕ್ಕೆ ಒತ್ತಿಕೊಂಡು ವರ್ಜೀನಿಯಾ ದಾಟಿ ನಮ್ಮವರೆಗೆ ಬರುತ್ತದೆ. ಹವಾಮಾನದವರು ಇದನ್ನು 'ವೆಡ್ಜ್' ಅನ್ನುತ್ತಾರೆ. ಬಾಗಿಲ ಸಂದಿಗೆ ತೂರಿಸುವ ಬೆಣೆ ಅಂದುಕೊಳ್ಳಿ. ನೆಲದ ಮೇಲೆ ಕೆಲವು ನೂರು ಮೀಟರ್ ದಪ್ಪದ ಚಳಿಯ ಬೆಣೆ.

ಈಗ ಕೊಲ್ಲಿಯಿಂದ ಒಂದು ಮಳೆಯ ಸುಳಿ ಎದ್ದು ಕರಾವಳಿ ಹಿಡಿದು ಮೇಲಕ್ಕೆ ಬರುತ್ತದೆ. ಮೊದಲ ಹನಿಗಳು ಬೆಣೆಯ ಒಣ ಗಾಳಿಯೊಳಗೆ ಬಿದ್ದು ನೆಲ ಮುಟ್ಟುವ ಮೊದಲೇ ಆವಿಯಾಗುತ್ತವೆ. ಆವಿಯಾಗುವಾಗ ಗಾಳಿಯ ಬಿಸಿ ಹೀರುತ್ತವೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗೋದು ಇದೇ ಉಪಾಯದಿಂದ ಅಲ್ವಾ? ಹೀಗೆ 3 ಡಿಗ್ರಿ ಇದ್ದ ಗಾಳಿ ಮಳೆ ಶುರುವಾದ ಗಂಟೆಯೊಳಗೆ ಸೊನ್ನೆಗೆ ಇಳಿಯಬಹುದು. ರಾಲಿಯ ಹಿಮಕ್ಕೆ ಈ ಹೂಜಿ ಕೆಲಸವೇ ಎಷ್ಟೋ ಸಲ ಆಸರೆ.

ಆದರೆ ಬೆಣೆಯ ಮೇಲೆ, ಒಂದು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಸಮುದ್ರದ ಬೆಚ್ಚನೆ ಗಾಳಿ ಮೂಗು ತೂರಿಸುತ್ತಿರುತ್ತದೆ. ಇದಕ್ಕೆ ಹವಾಮಾನದವರ ಭಾಷೆಯಲ್ಲೂ ಹೆಸರು 'ಬೆಚ್ಚನೆ ಮೂಗು' ಅಂತಲೇ. ಮೋಡದಿಂದ ಹೊರಟ ಒಂದು ಹಿಮದ ಚೂರಿನ ಜೊತೆ ಕೆಳಗೆ ಇಳಿದು ನೋಡಿ. ಮೇಲೆ ಮೈನಸ್ 15, ಚೂರು ಹತ್ತಿಯ ಹಾಗಿದೆ. ಮೂಗಿನೊಳಗೆ ಬಂತು, ಅಲ್ಲಿ ಪ್ಲಸ್ 1. ಅರ್ಧ ಕರಗಿತು. ಕೆಳಗೆ ಮತ್ತೆ ಚಳಿ, ಅರ್ಧ ಕರಗಿದ್ದು ಗಟ್ಟಿಯಾಗಿ ಸಾಬಕ್ಕಿಯಂಥ ಮಂಜುಗಡ್ಡೆ ಕಾಳಾಯಿತು. ಇದು ಸ್ಲೀಟ್. ಮೂಗು ಪ್ಲಸ್ 3 ಇದ್ದರೆ ಚೂರು ಪೂರ್ತಿ ಕರಗಿ ಮಳೆಹನಿಯಾಗುತ್ತದೆ. ಕೆಳಗಿನ ಚಳಿಯ ಪದರ ತೆಳುವಾಗಿದ್ದರೆ ಹೆಪ್ಪುಗಟ್ಟಲು ಸಮಯ ಸಾಲದೆ ಹನಿಯಾಗಿಯೇ ಬಂದು ಕಾರು, ಕೊಂಬೆ, ಕರೆಂಟ್ ತಂತಿಗೆ ತಗುಲಿದ ಕೂಡಲೇ ಗಾಜಾಗುತ್ತದೆ. ಇದು ಫ್ರೀಜಿಂಗ್ ರೇನ್. 2002ರ ಡಿಸೆಂಬರಿನಲ್ಲಿ ಇದೇ ಗಾಜಿನ ಭಾರಕ್ಕೆ ಇಲ್ಲಿ ಮರಗಳು ಮುರಿದು ಎಷ್ಟೋ ಮನೆಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ಇನ್ನು ನೆಲದಲ್ಲೂ ಸೊನ್ನೆಗಿಂತ ಮೇಲಿದ್ದರೆ ಬರೀ ತಣ್ಣನೆ ಮಳೆ.

ಹಿಮ, ಕಾಳು, ಗಾಜು, ಮಳೆ ಇವುಗಳ ನಡುವಿನ ಗೆರೆ ಮೇಲಿಂದ ಮೇಲೆ ರಾಲಿಯ ಮೇಲೆಯೇ ಹಾದುಹೋಗುತ್ತದೆ. ಎಷ್ಟೋ ಸಲ ಊರಿನ ವಾಯವ್ಯಕ್ಕೆ ಡರಮ್‌ನಲ್ಲಿ ಹಿಮ, ಆಗ್ನೇಯಕ್ಕೆ ಮಳೆ, ನಮಗೆ ಕಾಳು. ಟಿವಿಯಲ್ಲಿ ಹವಾಮಾನದವರು 'ಎರಡರಿಂದ ಆರು ಇಂಚು ಬೀಳಬಹುದು, ಏನೂ ಬೀಳದೆಯೂ ಇರಬಹುದು' ಅಂದಾಗ ನಮ್ಮವರು ಬೈಯುತ್ತಾರೆ. ಪಾಪ, ಅವರ ತಪ್ಪಲ್ಲ. ಮೂಗಿನ ಬಿಸಿ ಒಂದು ಡಿಗ್ರಿ ಅತ್ತಿತ್ತ ಆದರೆ ಮಕ್ಕಳು ಹಿಮದ ಮೇಲೆ ಜಾರುವ ಸ್ಲೆಡ್ ಗ್ಯಾರೇಜಿನಲ್ಲೇ ಉಳಿಯುತ್ತದೆ.

ಭೂಮಿ ಬಿಸಿಯಾಗುವುದು ಇಲ್ಲಿ ಯಾಕೆ ಇಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಮಿನೆಸೋಟಾದಲ್ಲಿ ಜನವರಿ ಮೈನಸ್ 15ರಿಂದ ಮೈನಸ್ 13ಕ್ಕೆ ಏರಿದರೂ ಬೀಳೋದು ಹಿಮವೇ. ಅದು ಊಟಿಯ ಬಾಟಲಿ. ರಾಲಿಯಲ್ಲಿ ಪ್ಲಸ್ ಅರ್ಧ ಡಿಗ್ರಿ ಅಂದರೆ ಹಿಮ ಮಳೆಯಾಯಿತು ಅಂತ. ಸಾಲದ್ದಕ್ಕೆ ಬೆಣೆಗೆ ಚಳಿ ಒದಗಿಸುವ ಉತ್ತರದ ಉಗ್ರಾಣವೇ ಎಲ್ಲಕ್ಕಿಂತ ಬೇಗ ಬಿಸಿಯಾಗುತ್ತಿದೆ. ಅಮೆರಿಕದ ಬಹುಪಾಲು ಕಡೆ ನಾಲ್ಕು ಋತುಗಳಲ್ಲಿ ಚಳಿಗಾಲವೇ ಹೆಚ್ಚು ಬಿಸಿಯಾಗಿರುವುದು. ಇತ್ತ ದಕ್ಷಿಣದ ಸಮುದ್ರವೂ ಬೆಚ್ಚಗಾಗಿ ಮೂಗಿಗೆ ಬಲ ಬಂದಿದೆ. ಎರಡೂ ಕಡೆಯಿಂದ ಎಳೆದರೆ ಗೆರೆ ವಾಯವ್ಯಕ್ಕೆ, ಬೆಟ್ಟದ ಕಡೆಗೆ ಸರಿಯುತ್ತದೆ.

ಆ ಬರಗಾಲದ ಎರಡು ಚಳಿಗಾಲಗಳನ್ನು ಪಕ್ಕಪಕ್ಕ ಇಟ್ಟರೆ ಇದು ಚೆನ್ನಾಗಿ ಕಾಣುತ್ತದೆ. 2022ರ ಡಿಸೆಂಬರ್ 24ರ ಬೆಳಗ್ಗೆ ಇಲ್ಲಿ ಮೈನಸ್ 10ಕ್ಕಿಂತ ಕೆಳಗೆ ಹೋಗಿತ್ತು. ಕರೆಂಟ್ ಸಾಲದೆ ರಾಜ್ಯದಲ್ಲಿ ಸರದಿ ಪ್ರಕಾರ ಲೈಟ್ ತೆಗೆದರು. ಚಳಿ ಬೇಕಾದಷ್ಟಿತ್ತು, ಆಕಾಶ ಮಾತ್ರ ಬೋಳು. ಮುಂದಿನ ವರ್ಷ, 2023-24ರಲ್ಲಿ, ಜೋರು ಎಲ್ ನಿನೊ, ಅಂದರೆ ಪೆಸಿಫಿಕ್ ಸಮುದ್ರದ ನಡುವಿನ ನೀರು ಮಾಮೂಲಿಗಿಂತ ಬೆಚ್ಚಗಾಗುವ ಸ್ಥಿತಿ. ನಮ್ಮೂರಲ್ಲಿ ಎಲ್ ನಿನೊ ಅಂದರೆ ಮಳೆ ಕೈಕೊಡುವ ಭಯ. ಆದರೆ ಅಮೆರಿಕದ ದಕ್ಷಿಣಕ್ಕೆ ಅದು ಚಳಿಗಾಲದ ಮಳೆ ತರುತ್ತದೆ. ಹಿಮ ಇಷ್ಟಪಡುವವರೆಲ್ಲ ಈ ವರ್ಷ ಗ್ಯಾರಂಟಿ ಅಂತ ಕಾದರು. ಸುಳಿಗಳು ಒಂದರ ಹಿಂದೆ ಒಂದು ಬಂದವು. ಎಲ್ಲವೂ ಮಳೆಯಾಗಿಯೇ ಸುರಿದವು. ಆ ವರ್ಷ ನೀರಿತ್ತು, ಚಳಿ ಇರಲಿಲ್ಲ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಹಳಬರು 'ನಮ್ಮ ಕಾಲದಲ್ಲಿ ಮೊಣಕಾಲುದ್ದ ಬೀಳ್ತಿತ್ತು' ಅನ್ನುವುದನ್ನೆಲ್ಲ ಹವಾಮಾನ ಬದಲಾವಣೆಯ ತಲೆಗೆ ಕಟ್ಟಲಾಗದು. ಅಮೆರಿಕದ ಆಗ್ನೇಯ ಭಾಗ ಇಪ್ಪತ್ತನೇ ಶತಮಾನದ ನಡುವೆ ಪ್ರಪಂಚದ ಜೊತೆ ಬಿಸಿಯಾಗಲಿಲ್ಲ, ಬದಲಿಗೆ ತಣ್ಣಗಾಯಿತು. ವಿಜ್ಞಾನಿಗಳು ಇದನ್ನು 'ವಾರ್ಮಿಂಗ್ ಹೋಲ್' ಅಂತ ಕರೆಯುತ್ತಾರೆ. 1960 ಮತ್ತು 70ರ ದಶಕಗಳು ಇಲ್ಲಿ ಚಳಿಯ ದಶಕಗಳು. ಆಗಿನ ಬಾಲ್ಯವನ್ನು ಈಗಿನದಕ್ಕೆ ಹೋಲಿಸಿದರೆ ಇಳಿಕೆ ಇರುವುದಕ್ಕಿಂತ ಕಡಿದಾಗಿ ಕಾಣುತ್ತದೆ. ಹಾಗಂತ ಇಳಿಕೆಯೇ ಇಲ್ಲ ಅಂತಲ್ಲ. ರಾಜ್ಯದ ವಿಜ್ಞಾನಿಗಳು 2020ರಲ್ಲಿ ಕೊಟ್ಟ ವರದಿಯೂ ಮುಂದೆ ಇಲ್ಲಿ ಹಿಮ ಮತ್ತು ದೊಡ್ಡ ಹಿಮದ ಬಿರುಗಾಳಿಗಳು ಕಮ್ಮಿಯಾಗುವ ಸಾಧ್ಯತೆಯೇ ಹೆಚ್ಚು ಅನ್ನುತ್ತದೆ.

ಹಿಮ ಹೋದರೆ ಹೋಗಲಿ, ಯಾರಿಗೆ ನಷ್ಟ? ಕುಡಿಯುವ ನೀರಿಗಂತೂ ಅಲ್ಲ. ಹಿಮಾಲಯ, ಕ್ಯಾಲಿಫೋರ್ನಿಯಾಗಳ ಹಾಗೆ ಇಲ್ಲಿನ ಹೊಳೆಗಳು ಹಿಮ ಕರಗಿ ತುಂಬುವುದಿಲ್ಲ, ವರ್ಷವಿಡೀ ಮಳೆಯಿದೆ. ಪಶ್ಚಿಮದ ಬೆಟ್ಟಗಳ ಸ್ಕೀಯಿಂಗ್ ಜಾಗಗಳು ಹಿಂದಿನಿಂದಲೂ ಯಂತ್ರದಿಂದ ನೀರು ಚಿಮುಕಿಸಿ ಹಿಮ ಮಾಡಿಕೊಳ್ಳುತ್ತವೆ. ಅದಕ್ಕೂ ಚಳಿಯ ರಾತ್ರಿ ಬೇಕು ಅನ್ನುವುದು ಬೇರೆ ಮಾತು.

ನಿಜವಾದ ತಾಪತ್ರಯ ಪೀಚ್ ಮರಗಳಿಗೆ. ಪೀಚ್ ಮರ ಚಳಿಗಾಲದಲ್ಲಿ ಮಲಗುತ್ತದೆ. ಏಳೋದು ಯಾವಾಗ ಅಂತ ಅದು ಗಂಟೆ ಎಣಿಸುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯ ಗಂಟೆಗಳು ಇಷ್ಟು ಅಂತ ಆಗಬೇಕು, ತಳಿಗೆ ತಕ್ಕಂತೆ ಕೆಲವು ನೂರರಿಂದ ಸಾವಿರದವರೆಗೆ. ಲೆಕ್ಕ ತುಂಬದಿದ್ದರೆ ಮೊಗ್ಗು ಅರೆಬರೆ ಅರಳುತ್ತದೆ. ಲೆಕ್ಕ ತುಂಬಿ ಫೆಬ್ರವರಿಯಲ್ಲೇ ಬಿಸಿಲು ಬಂದರೆ ಇನ್ನೊಂದು ಆಪತ್ತು, ಬೇಗ ಎದ್ದು ಹೂ ಬಿಡುತ್ತದೆ, ಮಾರ್ಚಿನಲ್ಲಿ ಒಂದು ರಾತ್ರಿಯ ಚಳಿಗೆ ಎಲ್ಲ ಕಪ್ಪಾಗುತ್ತದೆ. 2007ರ ಏಪ್ರಿಲ್‌ನಲ್ಲಿ ಹೀಗೆಯೇ ಆಗ್ನೇಯ ರಾಜ್ಯಗಳ ಹಣ್ಣಿನ ತೋಟಗಳು ಸುಟ್ಟವು. 2023ರಲ್ಲಿ ಜಾರ್ಜಿಯಾದಲ್ಲಿ ಎರಡೂ ಒಟ್ಟಿಗೆ ಆಗಿ, ಬೆಚ್ಚನೆ ಚಳಿಗಾಲದ ಮೇಲೆ ಮಾರ್ಚಿನ ಚಳಿ ಬಿದ್ದು, ಪೀಚ್ ಬೆಳೆಯ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಹಾಳಾಯಿತು. ಪೀಚಿನ ರಾಜ್ಯ ಅಂತ ಕಾರಿನ ನಂಬರ್ ಪ್ಲೇಟಿನ ಮೇಲೆ ಹಣ್ಣಿನ ಚಿತ್ರ ಹಾಕಿಕೊಂಡವರ ಪಾಡು ಅದು. ಬಿಸಿಯಾದ ಲೋಕದಲ್ಲಿ ಚಳಿಗೆ ಬೆಳೆ ಹೋಯಿತು ಅಂದರೆ ವಿಚಿತ್ರ ಕೇಳಿಸುತ್ತದೆ. ಕೊನೆಯ ಚಳಿ ಈಗಲೂ ಎಷ್ಟೋ ವರ್ಷ ಮೊದಲಿನ ಹೊತ್ತಿಗೇ ಬರುತ್ತದೆ, ಹೂವು ಮಾತ್ರ ಅದಕ್ಕೆ ಮುಂಚೆಯೇ ಬಂದು ನಿಂತಿರುತ್ತದೆ.

ನನ್ನ ಮನೆಯ ಥರ್ಮಾಮೀಟರ್ ಕರಿಬೇವಿನ ಕುಂಡ. ಇಲ್ಲಿನ ಕನ್ನಡದವರ, ತಮಿಳರ, ತೆಲುಗರ ಮನೆಗಳಲ್ಲೆಲ್ಲ ಒಂದು ಕುಂಡ ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ಹಿಂದಿನ ಡೆಕ್ ಮೇಲೆ, ಚಳಿಗಾಲದಲ್ಲಿ ಗ್ಯಾರೇಜಿನ ಕಿಟಕಿ ಹತ್ತಿರ. ನೆಲಕ್ಕೆ ಹಾಕಿದರೆ ಒಂದು ಜನವರಿಯೂ ತಡೆಯುವುದಿಲ್ಲ. ಶರತ್ಕಾಲದಲ್ಲಿ ವಾಟ್ಸ್ಯಾಪ್ ಗುಂಪಿನಲ್ಲಿ ಬರುವ ಪ್ರಶ್ನೆ ಒಂದೇ: 'ಕರಿಬೇವು ಒಳಗಿಟ್ರಾ?' ನಾನು ಬಂದ ಹೊಸದರಲ್ಲಿ ಇದು ಅಕ್ಟೋಬರ್ ಮಧ್ಯಕ್ಕೇ ಶುರುವಾಗುತ್ತಿತ್ತು. ಈಗ ಎಷ್ಟೋ ವರ್ಷ ನವೆಂಬರ್ ಬಂದರೂ ಕುಂಡ ಹೊರಗೇ ಇರುತ್ತದೆ. ಇದು ವಿಜ್ಞಾನವಲ್ಲ, ನಮ್ಮ ಸೋಮಾರಿತನವೂ ಇದರಲ್ಲಿ ಸೇರಿದೆ. ಆದರೆ ಅಮೆರಿಕದ ಕೃಷಿ ಇಲಾಖೆ 2023ರ ನವೆಂಬರಿನಲ್ಲಿ ಗಿಡಗಳಿಗಾಗಿ ಚಳಿ ವಲಯಗಳ ಹೊಸ ನಕ್ಷೆ ಕೊಟ್ಟಾಗ ದೇಶದ ಸುಮಾರು ಅರ್ಧ ಭಾಗ 2012ರ ನಕ್ಷೆಗಿಂತ ಅರ್ಧ ವಲಯ ಬೆಚ್ಚಗಾಗಿತ್ತು. ರಾಲಿಯೂ 7ಬಿಯಿಂದ 8ಎಗೆ ಬಂತು. 8ಎ ಅಂದರೆ ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಮೈನಸ್ 12ರಿಂದ ಮೈನಸ್ 9ರ ನಡುವೆ ಅಂತ ಅರ್ಥ. ಕರಿಬೇವಿಗೆ ಅದೂ ಸಾಲದು. ಕುಂಡ ಹೊರುವ ಕೆಲಸ ಸದ್ಯಕ್ಕೆ ತಪ್ಪುವುದಿಲ್ಲ.

ವಸಂತದ ವಿಷಯವನ್ನು ಹೆಚ್ಚು ಹೇಳುವುದಿಲ್ಲ, ಸೀನು ಬರುತ್ತದೆ. ಪೈನ್ ಮರಗಳ ಪರಾಗ ಊರಿಗೆಲ್ಲ ಅರಿಶಿನ ಎರಚಿದ ಹಾಗೆ ಬೀಳುತ್ತದೆ. ಯುಗಾದಿಗೆ ಹೊರಗೆ ರಂಗೋಲಿ ಹಾಕಿದರೆ ಅದರ ಮೇಲೂ ಹಳದಿ ಪುಡಿ.

ಬೀಳೋದು ಅಪರೂಪವಾದಷ್ಟೂ ಬಿದ್ದ ಹಿಮ ತೊಂದರೆ ಕೊಡೋದು ಜಾಸ್ತಿ. ಇದನ್ನು ರಾಲಿ 2005ರ ಜನವರಿ 19ರಂದೇ ಕಲಿತಿತ್ತು. ಬಿದ್ದದ್ದು ಸುಮಾರು ಒಂದು ಇಂಚು. ರಸ್ತೆ ಮೊದಲೇ ತಣ್ಣಗಿತ್ತು. ಶಾಲೆ, ಆಫೀಸು ಎಲ್ಲ ಒಂದೇ ಹೊತ್ತಿಗೆ ಬಿಟ್ಟರು. ಕಾರಿನ ಚಕ್ರಗಳಡಿ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ರಸ್ತೆ ಗಾಜಾಯಿತು. ಜನ ಗಂಟೆಗಟ್ಟಲೆ ಕಾರಿನಲ್ಲೇ ಕೂತರು, ಸಾವಿರಾರು ಮಕ್ಕಳು ರಾತ್ರಿ ಶಾಲೆಯಲ್ಲೇ ಮಲಗಿದರು. ಆಮೇಲಿನಿಂದ ಆಕಾಶ ಕಪ್ಪಾದರೆ ಸಾಕು ರಜೆ. ರಸ್ತೆಗೆ ಹಿಂದಿನ ದಿನವೇ ಉಪ್ಪುನೀರು ಚೆಲ್ಲುತ್ತಾರೆ, ಒಣಗಿದ ಬಿಳಿ ಗೆರೆಗಳು ಬರೆ ಎಳೆದ ಹಾಗೆ ಕಾಣುತ್ತವೆ. ಅಮೆರಿಕನ್ನರು ಬ್ರೆಡ್ಡು, ಹಾಲಿಗೆ ಓಡುತ್ತಾರೆ. ನಮ್ಮವರು ಇಂಡಿಯನ್ ಅಂಗಡಿಗೆ ಹೋಗಿ ದೋಸೆ ಹಿಟ್ಟು, ಮೊಸರು ಖಾಲಿ ಮಾಡುತ್ತಾರೆ. ಮಕ್ಕಳದು ಬೇರೆಯೇ ಶಾಸ್ತ್ರ: ಪೈಜಾಮ ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಳ್ಳೋದು, ದಿಂಬಿನಡಿ ಚಮಚ ಇಡೋದು, ಕಮೋಡಿಗೆ ಐಸ್ ಕ್ಯೂಬ್ ಹಾಕಿ ಫ್ಲಶ್ ಮಾಡೋದು. ಹೀಗೆ ಮಾಡಿದರೆ ಹಿಮ ಬೀಳುತ್ತದಂತೆ. ನನ್ನ ಮಗಳು ಆ ಮೂರು ವರ್ಷ ಎಷ್ಟು ಐಸ್ ದಂಡ ಮಾಡಿದಳೋ ಲೆಕ್ಕವಿಲ್ಲ.

2025ರ ಜನವರಿಯಲ್ಲಿ ಕೊನೆಗೂ ಬಿತ್ತು. ನಮ್ಮ ಡೆಕ್ ಮೇಲೆ ತರಕಾರಿ ಹೆಚ್ಚುವ ಬಿಳಿ ಹಲಗೆ ಇಟ್ಟು ಸ್ಕೇಲ್ ಚುಚ್ಚಿದೆವು. ಇಂಚು ತುಂಬಲಿಲ್ಲ, ಆದರೂ 'ಟ್ರೇಸ್' ಅಲ್ಲ ಅನ್ನುವುದೇ ಸಂಭ್ರಮ. ಹನ್ನೊಂದು ದಿನ ಬಿಟ್ಟು ಇನ್ನೊಂದು ಸುದ್ದಿ. ಆರ್ಕ್ಟಿಕ್‌ನ ಚಳಿ ನಮ್ಮನ್ನು ದಾಟಿ ನೇರ ಕೊಲ್ಲಿಯವರೆಗೆ ಇಳಿದಿತ್ತು, ಅಲ್ಲಿ ಅದಕ್ಕೆ ಸಮುದ್ರದ ಪಸೆ ಸಿಕ್ಕಿತ್ತು. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಅದು ಹೊರಬಲ್ಲ ನೀರಿನ ಆವಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಆದ್ದರಿಂದ ಹಿಮ ಬೀಳುವ ದಿನಗಳು ಕಮ್ಮಿಯಾದರೂ, ಚಳಿ ಮತ್ತು ಪಸೆ ಅಪರೂಪಕ್ಕೆ ಸೇರಿದ ದಿನ ಸುರಿಯುವುದು ಜೋರಾಗಿಯೇ ಇರಬಹುದು. ನ್ಯೂ ಆರ್ಲಿಯನ್ಸ್‌ನಲ್ಲಿ 8 ಇಂಚು ಬಿತ್ತು. ಫ್ಲೋರಿಡಾದ ಮಿಲ್ಟನ್ ಎಂಬ ಊರಿನಲ್ಲಿ 10 ಇಂಚಿಗೆ ಕೂದಲೆಳೆ ಕಮ್ಮಿ, ಆ ರಾಜ್ಯದ ದಾಖಲೆ. ಕಡಲ ತೀರದ ಮರಳಿನ ಮೇಲೆ ಜನ ಸ್ನೋಮ್ಯಾನ್ ಮಾಡುತ್ತಿರುವುದನ್ನು ಟಿವಿಯಲ್ಲಿ ತೋರಿಸಿದರು.

ಮಗಳು ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: 'ಅಪ್ಪಾ, ಮುಂದಿನ ವಿಂಟರ್‌ಗೆ ಸ್ನೋ ನೋಡೋಕೆ ಫ್ಲೋರಿಡಾಗೆ ಹೋಗೋಣ್ವಾ?'